ಗ್ರಾಜುಯೇಟ್ ವೀಸಾ 18 ತಿಂಗಳಿಗೆ ಇಳಿಯುವಾಗ ನಾವು ಕೇಳಬೇಕಾದದ್ದೇನು?

ನೀಲಿಶಾಯಿ

ಓದು ಮುಗಿದ ಮೇಲೆ ಬ್ರಿಟನ್ನಿನಲ್ಲಿ ಉಳಿದು ದುಡಿಯಲು ಕೊಡುವ ಗ್ರಾಜುಯೇಟ್ ವೀಸಾದ ಅವಧಿ 2 ವರ್ಷದಿಂದ 18 ತಿಂಗಳಿಗೆ ಇಳಿಯುತ್ತಿರುವುದು ಈ ಚರ್ಚಾ ವೇದಿಕೆಯಲ್ಲಿರುವ ಬಹುತೇಕರಿಗೆ ತಿಳಿದಿದೆ. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಪ್ರಸ್ತಾವವಾಗಿ ಕಾಣಿಸಿಕೊಂಡದ್ದು ಅದೇ ವರ್ಷದ ಅಕ್ಟೋಬರ್ 14ರಂದು ನಿಯಮದ ರೂಪದಲ್ಲಿ ಸಂಸತ್ತಿನ ಮುಂದೆ ಬಂತು. 2027ರ ಜನವರಿ 1ರಂದು ಅಥವಾ ಅದರ ನಂತರ ಅರ್ಜಿ ಹಾಕುವ ಪದವೀಧರರಿಗೂ ಸ್ನಾತಕೋತ್ತರ ಪದವೀಧರರಿಗೂ 18 ತಿಂಗಳು. ಪಿಎಚ್‌ಡಿ ಮುಗಿಸಿದವರಿಗೆ ಮಾತ್ರ ಹಿಂದಿನಂತೆ 3 ವರ್ಷ.

ಇದನ್ನು ವಿರೋಧಿಸಿ ಸಂಸದರಿಗೆ ಕೊಡಲೆಂದು ನಮ್ಮ ವಿದ್ಯಾರ್ಥಿಗಳ ಗುಂಪು ಮನವಿಯ ಕರಡೊಂದನ್ನು ಸಿದ್ಧಪಡಿಸಿದೆ. ನಾಲ್ಕು ಪುಟಗಳ ಆ ಕರಡಿನ ಸಾರ ಇಷ್ಟೇ: ನಾವು ಇಷ್ಟೊಂದು ಶುಲ್ಕ ಕಟ್ಟಿದ್ದೇವೆ, ಆದ್ದರಿಂದ ನಮಗೆ ಇಲ್ಲಿ ಕೆಲಸ ಮಾಡುವ ಹಕ್ಕಿದೆ. ಈ ವಾದ ನಿಲ್ಲುವುದಿಲ್ಲವೆಂದೇ ನನಗೆ ಅನ್ನಿಸುತ್ತದೆ. ಶುಲ್ಕ ಕಟ್ಟಿದ್ದು ಪಾಠಕ್ಕೆ, ಪಾಠ ಸಿಕ್ಕಿದೆ. ನಾವು ಕೇಳಬೇಕಾದದ್ದು ಬೇರೆ: ಕೋರ್ಸಿಗೆ ಸೇರಿದ ದಿನ ಯಾವ ನಿಯಮ ಜಾರಿಯಲ್ಲಿತ್ತೋ ಆ ಕೋರ್ಸು ಮುಗಿಸಿ ಅರ್ಜಿ ಹಾಕುವಾಗಲೂ ಅದೇ ನಿಯಮ ಅನ್ವಯವಾಗಲಿ. ಏಕೆಂದರೆ ಸೇರುವ ದಿನಾಂಕವನ್ನು ವಿದ್ಯಾರ್ಥಿ ನೋಡಿ ಆರಿಸಿಕೊಳ್ಳುತ್ತಾನೆ. ಅರ್ಜಿಯ ದಿನಾಂಕ ಅವನ ಕೈಯಲ್ಲಿಲ್ಲ.

ಕೈಯಲ್ಲಿಲ್ಲ ಎಂಬುದನ್ನು ಸ್ವಂತ ಅನುಭವದಿಂದಲೇ ಹೇಳುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿದ ನಾನು ಮರುವರ್ಷ ಸೆಪ್ಟೆಂಬರಿನ ಮೊದಲ ವಾರದಲ್ಲಿ ಡಿಸರ್ಟೇಶನ್ ಒಪ್ಪಿಸಿದೆ. ಪರೀಕ್ಷಾ ಮಂಡಳಿ ಸೇರಿದ್ದು ನವೆಂಬರಿನ ಕೊನೆಗೆ. ಫಲಿತಾಂಶ ಬಂದ ಮಾತ್ರಕ್ಕೆ ಅರ್ಜಿ ಹಾಕುವಂತಿಲ್ಲ. ಕೋರ್ಸು ಯಶಸ್ವಿಯಾಗಿ ಮುಗಿದಿದೆ ಎಂದು ವಿಶ್ವವಿದ್ಯಾಲಯವು ಹೋಮ್ ಆಫೀಸಿಗೆ, ಅಂದರೆ ವೀಸಾ ಕೊಡುವ ಬ್ರಿಟನ್ನಿನ ಗೃಹ ಇಲಾಖೆಗೆ, ತಿಳಿಸಬೇಕು, ಆ ಮೇಲೆ ಸ್ಟೂಡೆಂಟ್ ವೀಸಾ ಮುಗಿಯುವುದರೊಳಗೆ ದೇಶದ ಒಳಗಿನಿಂದಲೇ ಅರ್ಜಿ ಹೋಗಬೇಕು. ತಿಳಿಸಿದ್ದೇವೆ ಎಂಬ ಇಮೇಲ್ ನನಗೆ ಬಂದದ್ದು ಡಿಸೆಂಬರ್ 11ರ ಸಂಜೆ. ಅಂದು ರಾತ್ರಿಯೇ 880 ಪೌಂಡ್ ಅರ್ಜಿ ಶುಲ್ಕವನ್ನೂ, ವರ್ಷಕ್ಕೆ 1,035ರಂತೆ ಎರಡು ವರ್ಷದ ಆರೋಗ್ಯ ಸರ್ಚಾರ್ಜನ್ನೂ ಸೇರಿಸಿ 2,950 ಪೌಂಡ್ ಕಟ್ಟಿ ಅರ್ಜಿ ಹಾಕಿದೆ. ಗ್ರಂಥಾಲಯದಲ್ಲಿ ನನ್ನ ಪಕ್ಕದಲ್ಲೇ ಕೂತು ಓದುತ್ತಿದ್ದ ಗೆಳತಿ ಒಂದು ವಿಷಯದ ಬರಹವನ್ನು ಮತ್ತೊಮ್ಮೆ ಒಪ್ಪಿಸಬೇಕಾಗಿ ಬಂದಿತ್ತು. ಅವಳಿಗೆ ಅದೇ ಇಮೇಲ್ ಬಂದದ್ದು ಜನವರಿಯ ಎರಡನೇ ವಾರ. ನಮ್ಮ ವರ್ಷದ ತಂಡದಲ್ಲಿ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಮುಂದಿನ ವರ್ಷದ ತಂಡದಲ್ಲಿ ಇದೇ ನಾಲ್ಕು ವಾರದ ತಡ, ಅರ್ಜಿ 2027ರ ಜನವರಿ 1ನ್ನು ದಾಟುವುದರಿಂದ, ಆರು ತಿಂಗಳ ವೀಸಾವನ್ನು ನುಂಗಿಹಾಕುತ್ತದೆ.

ಲೆಕ್ಕಿಗ

ನೀಲಿಶಾಯಿ ಅವರೇ, ಶುಲ್ಕದ ವಾದವನ್ನು ಕೈಬಿಡಬೇಕೆಂದದ್ದು ಸರಿ. ಆದರೆ ನಿಮ್ಮ ವಾದದಲ್ಲೂ ಒಂದು ಬಿರುಕಿದೆ. ಅವಧಿ ಇಳಿಸುತ್ತೇವೆಂದು ಸರ್ಕಾರ 2025ರ ಮೇ 12ರಂದೇ ಬರೆದು ಹೇಳಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸೇರಿದವರು ಅದನ್ನು ತಿಳಿದೇ ಸೇರಿದರು, ಅಥವಾ ತಿಳಿದುಕೊಳ್ಳಬಹುದಾಗಿತ್ತು. ಅವರನ್ನೂ 2024ರಲ್ಲಿ ಮೂರು ವರ್ಷದ ಪದವಿಗೆ ಸೇರಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಇಬ್ಬರ ವಾದವೂ ದುರ್ಬಲವಾಗುತ್ತದೆ.

ಇನ್ನೊಂದು ಮಾತು, ಕಹಿಯೆನಿಸಿದರೆ ಕ್ಷಮಿಸಿ. ಅವಧಿ ಕಡಿಮೆ ಮಾಡಲು ಸರ್ಕಾರ ಕೊಟ್ಟ ಕಾರಣವೆಂದರೆ, ಈ ವೀಸಾದಲ್ಲಿ ಉಳಿದ ಬಹಳಷ್ಟು ಜನ ಪದವಿಗೆ ತಕ್ಕ ಕೆಲಸಗಳಿಗೆ ಹೋಗುತ್ತಿಲ್ಲ ಎಂಬುದು. ನಮ್ಮ ಪರಿಚಯದವರನ್ನೇ ಒಮ್ಮೆ ಎಣಿಸಿ ನೋಡೋಣ. ಡೇಟಾ ಸೈನ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು ಗೋದಾಮಿನ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಜೋಡಿಸುತ್ತಿರುವವರು ನಿಮಗೆ ಎಷ್ಟು ಜನ ಗೊತ್ತು? ನನಗೆ ಐದು ಜನ ಗೊತ್ತು. ಈ ಪ್ರಶ್ನೆಯನ್ನು ಮನವಿಯಲ್ಲಿ ಮುಟ್ಟದೇ ಬಿಟ್ಟರೆ ಓದುವವರು ಮೊದಲು ಕೇಳುವುದೇ ಅದನ್ನು. ಅಲ್ಲದೆ, ಇಂಥ ಮನವಿಗಳಿಂದ ಎಂದಾದರೂ ಏನಾದರೂ ಆಗಿದೆಯೇ?

ಹಿಂತಿರುಗಿದವನು

ಕೊನೆಯ ಪ್ರಶ್ನೆಗೆ ನಾನು ಉತ್ತರಿಸಬಹುದು. ಆಗಿದೆ, ಆದರೆ ಬಹಳ ನಿಧಾನವಾಗಿ, ಮನವಿ ಬರೆದವರಿಗೆ ಅದರ ಫಲ ಸಿಗದಷ್ಟು ನಿಧಾನವಾಗಿ.

ನಾನು ಬ್ರಿಟನ್ನಿನಲ್ಲಿ ಓದಿದ್ದು 2011ರಿಂದ 2012ರವರೆಗೆ. ಆಗ ಟಿಯರ್ 1 ಪೋಸ್ಟ್ ಸ್ಟಡಿ ವರ್ಕ್ ಎಂಬ ಎರಡು ವರ್ಷದ ವೀಸಾ ಇತ್ತು. ಅದನ್ನು ಮುಚ್ಚುವುದಾಗಿ ಗೃಹ ಸಚಿವರಾಗಿದ್ದ ಥೆರೆಸಾ ಮೇ 2011ರ ಮಾರ್ಚಿನಲ್ಲಿ ಪ್ರಕಟಿಸಿದರು. 2012ರ ಏಪ್ರಿಲ್ 6ರಂದು ಅದು ಮುಚ್ಚಿತು. ನನ್ನ ಕೋರ್ಸು ಮುಗಿದದ್ದು ಆ ಸೆಪ್ಟೆಂಬರಿನಲ್ಲಿ. ಅಂದಿನ ನಮ್ಮ ಪ್ರತಿಭಟನೆಯೆಂದರೆ ಒಂದಷ್ಟು ಸಹಿ, ಒಂದು ಸಭೆ, ಸಾಕಷ್ಟು ಸಿಟ್ಟು, ಅಷ್ಟೇ. ಮುಂದಿನ ವರ್ಷಗಳಲ್ಲಿ ಬ್ರಿಟನ್ನಿಗೆ ಬರುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಕುಸಿಯಿತು. ನಮ್ಮ ಸಹಿಗಳಿಗಿಂತ ಆ ಕುಸಿತವೇ ಹೆಚ್ಚು ಗಟ್ಟಿಯಾಗಿ ಮಾತಾಡಿತು ಎಂದು ಈಗ ಅನ್ನಿಸುತ್ತದೆ.

ನಂತರ ನಡೆದದ್ದನ್ನು ಗಮನಿಸಿ. 2018ರ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಯೂನಿವರ್ಸಿಟೀಸ್ ಯುಕೆ ಓದಿನ ನಂತರದ ಎರಡು ವರ್ಷದ ವೀಸಾ ಬೇಕೆಂದು ಲಿಖಿತವಾಗಿ ಪ್ರಸ್ತಾಪಿಸಿತು. ಸರ್ಕಾರಕ್ಕೆ ಸಲಹೆ ಕೊಡುವ ಮೈಗ್ರೇಶನ್ ಅಡ್ವೈಸರಿ ಕಮಿಟಿ ಅದೇ ತಿಂಗಳು, ಪ್ರತ್ಯೇಕ ವೀಸಾ ಬೇಡ, ಸ್ನಾತಕೋತ್ತರರಿಗೆ ಆರು ತಿಂಗಳು, ಪಿಎಚ್‌ಡಿಯವರಿಗೆ ಹನ್ನೆರಡು ತಿಂಗಳು ಸಾಕು ಎಂದಿತು. 2019ರ ಮಾರ್ಚಿನ ಸರ್ಕಾರಿ ಕಾರ್ಯನೀತಿಯೂ ಆರು ತಿಂಗಳ ಲೆಕ್ಕದಲ್ಲೇ ನಿಂತಿತು. ಆಗ ಕನ್ಸರ್ವೇಟಿವ್ ಪಕ್ಷದ ಜೋ ಜಾನ್ಸನ್ ಮತ್ತು ಲೇಬರ್ ಪಕ್ಷದ ಪಾಲ್ ಬ್ಲಾಮ್‌ಫೀಲ್ಡ್ ಪಕ್ಷಭೇದ ಬದಿಗಿಟ್ಟು ವಲಸೆ ಮಸೂದೆಗೆ ಎರಡು ವರ್ಷದ ತಿದ್ದುಪಡಿ ಮಂಡಿಸಿದರು. ಬ್ಲಾಮ್‌ಫೀಲ್ಡ್ ಅವರದು ಆಗ ಶೆಫೀಲ್ಡ್ ಸೆಂಟ್ರಲ್ ಕ್ಷೇತ್ರವಾಗಿತ್ತು, ವಿದ್ಯಾರ್ಥಿಗಳೇ ತುಂಬಿರುವ ಊರು. ಅವರಿಗೆ ಈ ವಿಷಯದಲ್ಲಿ ಆಸಕ್ತಿ ಏಕೆಂದು ಬಿಡಿಸಿ ಹೇಳಬೇಕಿಲ್ಲ. ಆ ಮಸೂದೆ ದಡ ಸೇರಲಿಲ್ಲ, ಆದರೆ ಸೆಪ್ಟೆಂಬರಿನಲ್ಲಿ ಬೋರಿಸ್ ಜಾನ್ಸನ್ ಸರ್ಕಾರವೇ ಎರಡು ವರ್ಷವನ್ನು ಒಪ್ಪಿಕೊಂಡಿತು. 2021ರ ಜುಲೈ 1ರಂದು ಗ್ರಾಜುಯೇಟ್ ರೂಟ್, ಅಂದರೆ ಈಗಿನ ಗ್ರಾಜುಯೇಟ್ ವೀಸಾ, ತೆರೆಯಿತು. ಮುಚ್ಚಿದ ಬಾಗಿಲು ತೆರೆಯಲು ಒಂಬತ್ತು ವರ್ಷ ಹಿಡಿಯಿತು.

ಈ ಒಂಬತ್ತು ವರ್ಷಗಳಲ್ಲಿ ಕೆಲಸಕ್ಕೆ ಬಂದದ್ದು, ನಮ್ಮ ನಷ್ಟದ ಕಥೆ ಯಾರ ನಷ್ಟದ ಕಥೆಯೊಡನೆ ಹೆಣೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡದ್ದು. ವಿಶ್ವವಿದ್ಯಾಲಯದ ಹಣಕಾಸು ವಿಭಾಗ, ಆ ಊರಿನ ಬಾಡಿಗೆ ಮನೆಗಳ ಮಾಲೀಕರು, ಪ್ರಯೋಗಾಲಯಕ್ಕೆ ಜನ ಸಿಗದ ಪ್ರಾಧ್ಯಾಪಕರು ಇವರೆಲ್ಲ ದನಿಗೂಡಿಸಿದ ಮೇಲಷ್ಟೇ ವಿದ್ಯಾರ್ಥಿಗಳ ದನಿ ಕೇಳಿಸಿತು. ಹೀಗೆ ಹೇಳುವುದು ಅಷ್ಟು ಹಿತವಲ್ಲ, ಆದರೆ ನಡೆದದ್ದು ಹಾಗೆ.

ಒಳಬಾಗಿಲು

ನಾನು ಇಂಗ್ಲೆಂಡಿನ ಒಂದು ಸಂಸ್ಥೆಯ ನೇಮಕಾತಿ ವಿಭಾಗದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಲೆಕ್ಕಿಗ ಅವರ ಗೋದಾಮಿನ ಪ್ರಶ್ನೆಗೆ ಉತ್ತರ ನಮ್ಮ ಅರ್ಜಿ ನಮೂನೆಯಲ್ಲೇ ಇದೆ. ಹೆಸರು, ವಿಳಾಸ, ಓದು ಇವಾದ ಮೇಲೆ ಒಂದು ಪ್ರಶ್ನೆ ಬರುತ್ತದೆ: ನಿಮಗೆ ಈಗ ಅಥವಾ ಮುಂದೆ ವೀಸಾ ಸ್ಪಾನ್ಸರ್‌ಶಿಪ್ (ವೀಸಾಕ್ಕೆ ಉದ್ಯೋಗದಾತರ ಪ್ರಾಯೋಜನೆ) ಬೇಕಾಗುತ್ತದೆಯೇ? ಹೌದು, ಇಲ್ಲ ಎಂಬ ಎರಡು ಚೌಕಗಳು. ಹೌದು ಎಂದು ಗುರುತು ಹಾಕಿದವರ ಅರ್ಜಿ ಎಷ್ಟೋ ಕಡೆ ಮನುಷ್ಯರ ಕಣ್ಣಿಗೇ ಬೀಳುವುದಿಲ್ಲ. ಗ್ರಾಜುಯೇಟ್ ವೀಸಾಕ್ಕೆ ಸ್ಪಾನ್ಸರ್ ಬೇಕಿಲ್ಲದಿದ್ದರೂ 'ಮುಂದೆ' ಎಂಬ ಒಂದು ಪದದಿಂದಾಗಿ ಅವರು ಪ್ರಾಮಾಣಿಕವಾಗಿ ಹೌದು ಎನ್ನಲೇಬೇಕಾಗುತ್ತದೆ. ಗೋದಾಮಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಯೋಗ್ಯತೆ ಇದ್ದವರೂ ಅಲ್ಲಿಗೆ ಸೇರುವುದಕ್ಕೆ ಇದೊಂದು ಕಾರಣ. ಇದೊಂದೇ ಕಾರಣ ಎನ್ನುತ್ತಿಲ್ಲ.

18 ತಿಂಗಳ ಲೆಕ್ಕವನ್ನು ನೇಮಕಾತಿಯ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿದರೆ ತೊಂದರೆ ಇನ್ನೂ ಸ್ಪಷ್ಟವಾಗುತ್ತದೆ. ದೊಡ್ಡ ಸಂಸ್ಥೆಗಳು ಹೊಸ ಪದವೀಧರರಿಗಾಗಿ ಶರತ್ಕಾಲದಲ್ಲಿ ಅರ್ಜಿ ಕರೆದು ಮರುವರ್ಷ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುತ್ತವೆ. 2027ರ ಜನವರಿಯಲ್ಲಿ ವೀಸಾ ಪಡೆದವರು ಹೀಗೆ ಆಯ್ಕೆಯಾದರೆ ಕೆಲಸ ಶುರುವಾಗುವುದು 2027ರ ಸೆಪ್ಟೆಂಬರಿನಲ್ಲಿ. ಆರು ತಿಂಗಳ ಪ್ರೊಬೇಷನ್ ಮುಗಿಯುವುದು 2028ರ ಮಾರ್ಚಿಗೆ. ವೀಸಾ ಮುಗಿಯುವುದು ಜುಲೈಗೆ. ಒಬ್ಬ ಕೆಲಸಗಾರ ಸಂಸ್ಥೆಗೆ ಬೇಕೋ ಬೇಡವೋ ಎಂದು ತೀರ್ಮಾನಿಸಿ, ಹಣ ಮಂಜೂರು ಮಾಡಿಸಿ, ಸಂಸ್ಥೆಯೇ ಸ್ಪಾನ್ಸರ್ ಮಾಡಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಕಾಗದಪತ್ರ ಹೊಂದಿಸಲು ಉಳಿಯುವುದು ನಾಲ್ಕೇ ತಿಂಗಳು. ಎರಡು ವರ್ಷವಿದ್ದಾಗ ಹತ್ತು ತಿಂಗಳು ಉಳಿಯುತ್ತಿತ್ತು. ನಮ್ಮ ವ್ಯವಸ್ಥಾಪಕರು ನಾಲ್ಕು ತಿಂಗಳಲ್ಲಿ ಒಂದು ಕುರ್ಚಿ ಕೊಳ್ಳುವುದಕ್ಕೂ ತೀರ್ಮಾನ ಮಾಡಿದವರಲ್ಲ.

ಸಂಬಳದ ಮಿತಿಯೂ ಏರಿದೆ. 2024ರ ಏಪ್ರಿಲಿಗೆ ಮೊದಲು 26,200 ಪೌಂಡ್ ಇದ್ದ ಸ್ಕಿಲ್ಡ್ ವರ್ಕರ್ ಕನಿಷ್ಠ ವಾರ್ಷಿಕ ಸಂಬಳ 38,700ಕ್ಕೂ, 2025ರ ಜುಲೈ 22ರಿಂದ 41,700ಕ್ಕೂ ಹೋಯಿತು. ಹೊಸದಾಗಿ ಉದ್ಯೋಗಕ್ಕೆ ಬರುವವರಿಗೆ 33,400ರ ರಿಯಾಯಿತಿ ಮಿತಿ ಇದೆ, ಆದರೆ ಆ ಹುದ್ದೆಗೆಂದು ನಿಗದಿಯಾದ ದರದ ಶೇ 70ರಷ್ಟು ಅದಕ್ಕಿಂತ ಹೆಚ್ಚಿದ್ದರೆ ಅಷ್ಟನ್ನು ಕೊಡಬೇಕು. ದೊಡ್ಡ ಸಂಸ್ಥೆಗಳು ವಿದೇಶಿ ಕೆಲಸಗಾರರೊಬ್ಬರಿಗೆ ವರ್ಷಕ್ಕೆ 1,000 ಪೌಂಡಿನಂತೆ ಕಟ್ಟುತ್ತಿದ್ದ ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ 2025ರ ಡಿಸೆಂಬರಿನಲ್ಲಿ 1,320 ಆಯಿತು. ನನ್ನ ಅನುಭವದಲ್ಲಿ ಸಂಸ್ಥೆಗಳು ಈ ಹಣಕ್ಕೆ ಹೆದರುವುದಕ್ಕಿಂತ, ಇಂದು ಹಾಕಿದ ಲೆಕ್ಕ ಮುಂದಿನ ವರ್ಷ ತಪ್ಪಾದೀತೆಂದು ಹೆಚ್ಚು ಹೆದರುತ್ತವೆ. ಆದ್ದರಿಂದ ನಿಯಮದ ಸ್ಥಿರತೆಯನ್ನೇ ಕೇಳಬೇಕೆಂಬ ನೀಲಿಶಾಯಿ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಪಡುವಲ ತೀರ

ಅಮೆರಿಕದಿಂದ ಒಂದು ಹೋಲಿಕೆ ಕೊಡುತ್ತೇನೆ. ಇಲ್ಲಿ ಓದಿನ ನಂತರ ಒಪಿಟಿ ಹೆಸರಿನಲ್ಲಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಗಣಿತದವರಿಗೆ ಇನ್ನೂ 24 ತಿಂಗಳು. ಈ ಹೆಚ್ಚುವರಿ ಅವಧಿ 2008ರಲ್ಲಿ 17 ತಿಂಗಳಿನದಾಗಿ ಶುರುವಾಗಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳದೆ ನಿಯಮ ತಂದಿದ್ದಾರೆಂಬ ಕಾರಣಕ್ಕೆ 2015ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿ, ಸರಿಪಡಿಸಿಕೊಳ್ಳಲು ಸಮಯ ಕೊಟ್ಟಿತು. ಸರ್ಕಾರ ಹೊಸ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿದಾಗ 50,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಅದರಲ್ಲಿ ಒಂದು ನನ್ನದು. 2016ರ ಮೇ ತಿಂಗಳಲ್ಲಿ ಹೊಸ ನಿಯಮ 24 ತಿಂಗಳಾಗಿ, ಉದ್ಯೋಗದಾತರು ತರಬೇತಿ ಯೋಜನೆಯೊಂದನ್ನು ಬರೆದು ಸಹಿ ಹಾಕಬೇಕೆಂಬ ಷರತ್ತಿನೊಡನೆ ಬಂತು. ವಿರೋಧಿಗಳ ಆಕ್ಷೇಪವನ್ನು ತಳ್ಳಿಹಾಕುವ ಬದಲು ಅದಕ್ಕೊಂದು ಷರತ್ತಿನ ರೂಪ ಕೊಟ್ಟದ್ದರಿಂದಲೇ ಅದು ಉಳಿಯಿತೆಂದು ನನ್ನ ಭಾವನೆ. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 2023ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ.

ಆದರೆ ಮೊದಲ 12 ತಿಂಗಳ ಒಪಿಟಿಯಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟುವಂತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು 71ರವರೆಗೆ ಕೆಂಪು ಗೀಟು ಎಳೆದಿದ್ದೆ. ಬ್ರಿಟನ್ನಿನ ವೀಸಾದಲ್ಲಿ ಆ ಎಣಿಕೆ ಇಲ್ಲದಿರುವುದನ್ನು ಕಾಪಾಡಿಕೊಳ್ಳಿ.

ಹಿಮದೂರು

ನೀಲಿಶಾಯಿ ಅವರು ಕೇಳುತ್ತಿರುವುದಕ್ಕೆ ಕೆನಡಾದಲ್ಲಿ ಪೂರ್ವನಿದರ್ಶನವಿದೆ, ಅರ್ಧದಷ್ಟು. 2024ರ ನವೆಂಬರ್ 1ರಿಂದ ಇಲ್ಲಿ ಓದಿನ ನಂತರದ ವರ್ಕ್ ಪರ್ಮಿಟ್‌ಗೆ ಎರಡು ಹೊಸ ಷರತ್ತು ಬಂದವು. ಭಾಷಾ ಪರೀಕ್ಷೆಯ ಷರತ್ತು ಆ ದಿನದಿಂದ ಅರ್ಜಿ ಹಾಕುವ ಎಲ್ಲರಿಗೂ ಅನ್ವಯಿಸಿತು. ಆದರೆ ಕೆಲವು ಕಾಲೇಜು ಕೋರ್ಸುಗಳವರು ನಿರ್ದಿಷ್ಟ ವಿಷಯಗಳನ್ನೇ ಓದಿರಬೇಕೆಂಬ ಷರತ್ತಿನಿಂದ, ಆ ದಿನಾಂಕಕ್ಕೆ ಮೊದಲೇ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ್ದವರನ್ನು ಹೊರಗಿಟ್ಟರು. ಇದರ ಹಿಂದಿನ ತರ್ಕ ಸರಳ: ಭಾಷಾ ಪರೀಕ್ಷೆಯನ್ನು ಈಗಲೂ ಬರೆಯಬಹುದು, ಓದಿ ಮುಗಿಸಿದ ವಿಷಯವನ್ನು ಈಗ ಬದಲಿಸಲಾಗದು. ನಿಮ್ಮ ಪತ್ರದಲ್ಲಿ ಈ ತರ್ಕವನ್ನೇ ಎತ್ತಿಕೊಳ್ಳಿ. ಕೋರ್ಸು ಸೇರಿದ ದಿನವೂ ಈಗ ಬದಲಿಸಲಾಗದ ಸಂಗತಿಯೇ.

ನೀಲಿಶಾಯಿ

ಎಲ್ಲರಿಗೂ ಕೃತಜ್ಞತೆಗಳು. ಹಿಮದೂರು ಅವರ ಮಾತು ಓದಿದ ಮೇಲೆ ಹಳೆಯ ನಿಯಮಗಳನ್ನು ತಿರುವಿ ನೋಡಿದೆ. ಪೂರ್ವನಿದರ್ಶನಕ್ಕಾಗಿ ಕೆನಡಾದವರೆಗೆ ಹೋಗಬೇಕಿಲ್ಲ, ಬ್ರಿಟನ್ನಿನಲ್ಲೇ ಇದೆ. ಸಂಶೋಧನೆಯದಲ್ಲದ ಸ್ನಾತಕೋತ್ತರ ಕೋರ್ಸಿನ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವುದನ್ನು ಸರ್ಕಾರ ನಿಲ್ಲಿಸಿದಾಗ ಆ ನಿರ್ಬಂಧ ಅನ್ವಯವಾದದ್ದು 2024ರ ಜನವರಿ 1ರಂದು ಅಥವಾ ಅದರ ನಂತರ ಕೋರ್ಸು ಆರಂಭಿಸುವವರಿಗೆ. ಅಂದರೆ ಇದೇ ಹೋಮ್ ಆಫೀಸ್, ಇನ್ನೂ ಕಟ್ಟುನಿಟ್ಟಾದ ನಿರ್ಬಂಧವೊಂದನ್ನು ತರುವಾಗ, ಗಡಿಗೆರೆಯನ್ನು ಎಳೆದದ್ದು ಕೋರ್ಸು ಆರಂಭದ ದಿನಕ್ಕೆ. ಅದು ಆಡಳಿತಕ್ಕೆ ಸಾಧ್ಯವಿಲ್ಲದ ಕೆಲಸವೇನೂ ಅಲ್ಲವೆಂದು ಅವರೇ ತೋರಿಸಿಕೊಟ್ಟಿದ್ದಾರೆ.

ಲೆಕ್ಕಿಗ ಅವರ ಆಕ್ಷೇಪವನ್ನೂ ಒಪ್ಪುತ್ತೇನೆ. ಬೇಡಿಕೆಯನ್ನು ಇಷ್ಟಕ್ಕೆ ಇಳಿಸಿದ್ದೇನೆ: 2025ರ ಮೇ 12ಕ್ಕೆ ಮೊದಲು ಕೋರ್ಸು ಆರಂಭಿಸಿದವರು ಯಾವಾಗ ಅರ್ಜಿ ಹಾಕಿದರೂ ಅವರಿಗೆ ಎರಡು ವರ್ಷವೇ ಸಿಗಲಿ. ಇವರಲ್ಲಿ ಹೆಚ್ಚಿನವರು 2027ರಲ್ಲಿ ಮುಗಿಸುವ ಪದವಿ ವಿದ್ಯಾರ್ಥಿಗಳು. ಅದರ ನಂತರ ಸೇರಿದ, ಫಲಿತಾಂಶ ತಡವಾಗುವ ಒಂದು ವರ್ಷದ ಕೋರ್ಸಿನವರ ವಿಷಯವನ್ನು ಎರಡನೇ ಬೇಡಿಕೆಯಾಗಿ, ಬೇರೆಯಾಗಿ ಇಡುತ್ತೇನೆ. ನನ್ನ ಗೆಳತಿಯಂಥವರನ್ನು ಎರಡನೇ ಸಾಲಿಗೆ ಸರಿಸುವುದು ನನಗೆ ಸುಲಭವಾಗಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಲೆಕ್ಕಿಗ

ಈಗ ಇದು ಸಹಿ ಹಾಕಬಹುದಾದ ಪತ್ರವಾಯಿತು. ಒಂದು ಸೇರ್ಪಡೆ ಬೇಕು: ಏಜೆಂಟರ ಬಗ್ಗೆ ನಾವೇ ಮಾತಾಡಬೇಕು. ಮೈಗ್ರೇಶನ್ ಅಡ್ವೈಸರಿ ಕಮಿಟಿ 2024ರ ಮೇ 14ರಂದು ಕೊಟ್ಟ ವರದಿಯಲ್ಲಿ, ಈ ವೀಸಾ ವ್ಯಾಪಕವಾಗಿ ದುರುಪಯೋಗವಾಗುತ್ತಿದೆ ಎನ್ನಲು ಪುರಾವೆಯಿಲ್ಲ, ಇದನ್ನು ಹೀಗೆಯೇ ಉಳಿಸಿಕೊಳ್ಳಿ ಎಂದು ಸ್ಪಷ್ಟವಾಗಿ ಬರೆಯಿತು. 2018ರಲ್ಲಿ ಬೇಡವೆಂದ ಅದೇ ಸಮಿತಿ! ಆದರೆ ಅದೇ ವರದಿಯು, ತಪ್ಪು ಭರವಸೆ ಕೊಟ್ಟು ವಿದ್ಯಾರ್ಥಿಗಳನ್ನು ಕರೆತರುವ ಕೆಲವು ಏಜೆಂಟರು ವ್ಯವಸ್ಥೆಯ ಹೆಸರನ್ನು ಕೆಡಿಸುತ್ತಿದ್ದಾರೆಂದೂ, ಏಜೆಂಟರಿಗೂ ಉಪ ಏಜೆಂಟರಿಗೂ ಕಡ್ಡಾಯ ನೋಂದಣಿ ಬೇಕೆಂದೂ ಹೇಳಿತು. ವರದಿಯ ಮೊದಲರ್ಧವನ್ನು ಎತ್ತಿ ಓದುವ ನಾವು ಎರಡನೆಯ ಅರ್ಧವನ್ನೂ ಓದೋಣ. ಎರಡು ವರ್ಷದಲ್ಲಿ ಕಾಯಂ ಆಗುತ್ತೀರಿ ಎಂದು ನಂಬಿಸಿ ಕಮಿಷನ್ ಎಣಿಸಿಕೊಂಡವರ ಮೇಲೆ ಕ್ರಮ ಬೇಕೆಂದು ವಿದ್ಯಾರ್ಥಿಗಳೇ ಕೇಳಿದರೆ, ಓದುವವರಿಗೆ ಈ ಪತ್ರ ಸ್ವಾರ್ಥದ್ದಲ್ಲ ಎಂದು ಅರಿವಾದೀತು.

ಅಂಚೆಪೆಟ್ಟಿಗೆ

ಪತ್ರ ಯಾರಿಗೆ, ಹೇಗೆ ಎಂಬುದಷ್ಟೇ ನನ್ನ ಪಾಲಿನ ಮಾತು. ವಿದ್ಯಾರ್ಥಿ ಸಂಘದಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ಸಂಸದರು ತಮ್ಮ ಕ್ಷೇತ್ರದವರ ಪತ್ರಗಳನ್ನು ಮಾತ್ರ ಕೈಗೆತ್ತಿಕೊಳ್ಳುತ್ತಾರೆ, ಆದ್ದರಿಂದ ಪೂರ್ಣ ವಿಳಾಸ ಮತ್ತು ಪೋಸ್ಟ್‌ಕೋಡ್ ಮೇಲ್ಗಡೆಯೇ ಇರಲಿ. ನಮ್ಮಲ್ಲಿ ಹಲವರಿಗೆ ತಿಳಿಯದ ಸಂಗತಿ: ವೀಸಾ ಹೊಂದಿ ಬ್ರಿಟನ್ನಿನಲ್ಲಿ ವಾಸಿಸುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಅಲ್ಲಿನ ಸಂಸತ್ ಚುನಾವಣೆಯ ಮತದಾರರ ಪಟ್ಟಿಗೆ ಸೇರಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಅದನ್ನೂ ಪತ್ರದಲ್ಲಿ ಒಂದು ಸಾಲಿನಲ್ಲಿ ತಿಳಿಸಿ. ಒಂದೇ ಒಕ್ಕಣೆಯ ಇನ್ನೂರು ಪತ್ರಗಳಿಗೆ ಒಂದೇ ಒಕ್ಕಣೆಯ ಉತ್ತರ ಬರುತ್ತದೆ. ಸ್ವಂತ ದಿನಾಂಕಗಳಿರುವ ಹತ್ತು ಪತ್ರಗಳನ್ನು ಕಚೇರಿಯ ಸಹಾಯಕರು ಕೂತು ಓದುತ್ತಾರೆ. ಸಂಸತ್ತಿನ ಜಾಲತಾಣದ ಅಹವಾಲಿಗೆ 10,000 ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ಆದರೆ ಚರ್ಚೆಗೆ ಪರಿಗಣಿಸುತ್ತಾರೆ. ಅದೂ ನಡೆಯಲಿ, ಆದರೆ ಪತ್ರದ ಬದಲಿಗಲ್ಲ. ಆಗಲೇ ಮಂಡನೆಯಾದ ನಿಯಮವನ್ನು ತಿರಸ್ಕರಿಸಲು ಸಂಸತ್ತಿಗಿದ್ದ 40 ದಿನಗಳ ಅವಕಾಶ ಕಳೆದುಹೋಗಿರುವುದರಿಂದ, ಈಗ ಬೇಕಿರುವುದು ಹೊಸದೊಂದು ತಿದ್ದುಪಡಿ. ಪತ್ರದಲ್ಲಿ ಆ ಮಾತನ್ನೇ ನೇರವಾಗಿ ಬರೆಯಿರಿ.

ನೀಲಿಶಾಯಿ

ಶುಕ್ರವಾರ ನಮ್ಮ ಸಂಸದರು ಕ್ಷೇತ್ರದ ಜನರನ್ನು ಭೇಟಿಯಾಗುವ ದಿನವಾಗಿತ್ತು. ಎರಡು ಪುಟಕ್ಕೆ ಇಳಿಸಿದ ಪತ್ರ ಹಿಡಿದು ಹೋಗಿದ್ದೆ. ನನಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಶುಲ್ಕದ ಮಾತು ಬರಲೇ ಇಲ್ಲ. ಕುಟುಂಬದ ನಿಯಮದಲ್ಲಿ ಕೋರ್ಸು ಆರಂಭದ ದಿನವನ್ನು ಹಿಡಿದದ್ದನ್ನು ಹೇಳಿದಾಗ ಅವರ ಸಹಾಯಕಿ ತಲೆಯೆತ್ತಿ, ಅದನ್ನು ಇನ್ನೊಮ್ಮೆ ಹೇಳಿ ಎಂದು ಬರೆದುಕೊಂಡರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಈ ಕ್ಷೇತ್ರದಲ್ಲಿ ಮೇ 12ಕ್ಕೆ ಮೊದಲು ಸೇರಿ 2027ರಲ್ಲಿ ಮುಗಿಸುವವರು ಎಷ್ಟು ಜನ? ನನ್ನ ಬಳಿ ಉತ್ತರವಿರಲಿಲ್ಲ. ಎರಡು ವಾರದಲ್ಲಿ ತರುತ್ತೇನೆಂದು ಹೇಳಿ ಬಂದಿದ್ದೇನೆ.

ಇದನ್ನು ಓದುತ್ತಿರುವ ಪದವಿ ವಿದ್ಯಾರ್ಥಿಗಳು ಹೆಸರು ಬರೆಯಬೇಕಿಲ್ಲ. ಕೋರ್ಸು ಆರಂಭವಾದ ದಿನ, ಮುಗಿಯುವ ತಿಂಗಳು, ಸೇರುವಾಗ ನಿಮಗೆ ಲಿಖಿತವಾಗಿ ತಿಳಿಸಿದ ವೀಸಾ ಅವಧಿ, ಈ ಮೂರನ್ನು ಮಾತ್ರ ಕೆಳಗೆ ಬರೆಯಿರಿ.

ಎರಡನೇ ವರ್ಷ

ಆರಂಭ: 2024ರ ಸೆಪ್ಟೆಂಬರ್ 23. ಮುಗಿಯುವುದು: 2027ರ ಜೂನ್. ಪ್ರವೇಶ ಪತ್ರದ ಜೊತೆಗೆ ಬಂದ ಮಾಹಿತಿ ಹಾಳೆಯಲ್ಲಿದ್ದ ಅವಧಿ: 2 ವರ್ಷ. ಆ ಹಾಳೆ ಇನ್ನೂ ನನ್ನ ಕಡತದಲ್ಲಿದೆ. ಬೇಕಾದರೆ ಚಿತ್ರ ತೆಗೆದು ಕಳುಹಿಸುತ್ತೇನೆ.